ಮುಚ್ಚಳದ ಕ್ಯಾಪ್ಟನ್

ಒಬ್ಬ ಹಿರಿಯ ಮನುಷ್ಯನನ್ನು ಅವರು ನಿಂತ ಜಾಗದಿಂದ ಕದಲಿಸಿದವನು ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಓದುತ್ತಾ ಓದುತ್ತಾ ನೀವೇ ಕಂಡುಹಿಡಿದು ಬೈಯುವುದಕ್ಕಿಂತ ಇದು ವಾಸಿ. ಅದನ್ನೂ ನಾನು ಕದ್ದುಮುಚ್ಚಿ ಮಾಡಲಿಲ್ಲ. ಕೈಯಲ್ಲಿ ಮೈಕ್ ಹಿಡಿದು, ಜನ ತುಂಬಿದ ಊಟದ ಹಾಲಿನ ಎದುರು, ಚಪ್ಪಾಳೆ ಗಿಟ್ಟಿಸಿಕೊಂಡು ಮಾಡಿದೆ. ಆಗ ನನ್ನ ತೂಕ ತೊಂಬತ್ತೇಳು ಕಿಲೋ. ಅದರಲ್ಲಿ ಬುದ್ಧಿಯ ಪಾಲು ಎಷ್ಟು ಎಂದು ಡಾಕ್ಟರು ಬೇರೆಯಾಗಿ ಬರೆದುಕೊಡಲಿಲ್ಲ.

ಅವರು ಮುಂಬೈಯ ಮಲಾಡಿನ ಒಂದು ಬಫೆ ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿದ್ದರು. ಹೋಟೆಲಿನವರ ಮಾತಿನಲ್ಲಿ ಕ್ಯಾಪ್ಟನ್ ಎಂದರೆ ವೇಟರುಗಳಿಗಿಂತ ಮೇಲೆ, ಮ್ಯಾನೇಜರಿಗಿಂತ ಕೆಳಗೆ, ಗಿರಾಕಿಯ ಪಕ್ಕಕ್ಕೆ ನಿಲ್ಲುವವರು. ಉಡುಪಿ ಕಡೆಯವರು. ಈ ಮಳೆಗಾಲಕ್ಕೆ ಮುಂಚೆ ನಿವೃತ್ತರಾಗಿ ಈಗ ವಸಾಯಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಹೆಸರು ಬರೆಯುವುದಿಲ್ಲ. ಬರೆದರೆ ಮಗಳು ಓದಿ ಹೇಳುತ್ತಾಳೆ, ಅವರು ಫೋನ್ ಮಾಡಿ, "ಎಲ್ಲ ಸರಿ ಉಂಟು ಮಾರಾಯ, ಇಷ್ಟು ಉದ್ದ ಎಂತಕ್ಕೆ?" ಅನ್ನುತ್ತಾರೆ.

ಕಡ್ಡಿಯಂಥ ಮೈ. ಹೋಟೆಲಿನವರು ಕೊಟ್ಟ ಕಪ್ಪು ಕೋಟಿನೊಳಗೆ ಇನ್ನೊಬ್ಬ ಕ್ಯಾಪ್ಟನ್ ಬಾಡಿಗೆಗೆ ಇರಬಹುದಾದಷ್ಟು ಜಾಗ. ಕೈ ಎರಡೂ ಬೆನ್ನ ಹಿಂದೆ, ಬಲಗೈಯಲ್ಲಿ ನಾಲ್ಕು ಮಡಿಕೆಯ ಬಿಳಿ ಬಟ್ಟೆ. ನಡೆಯುವಾಗ ಚಪ್ಪಲಿಯ ಸದ್ದೂ ಇಲ್ಲ. ನಲವತ್ತು ವರ್ಷ ತುಪ್ಪ, ಬೆಣ್ಣೆ, ಪನೀರುಗಳ ನಡುವೆ ಓಡಾಡಿದ ಮನುಷ್ಯ ಒಂದು ತೊಲ ಕೊಬ್ಬನ್ನೂ ಮೈಗೆ ಹತ್ತಿಸಿಕೊಳ್ಳದೆ ಉಳಿದದ್ದು ಹೇಗೆ ಎನ್ನುವುದು ನನ್ನಂಥವನಿಗೆ ಆಧ್ಯಾತ್ಮಿಕ ಪ್ರಶ್ನೆ. ಮಧ್ಯಾಹ್ನ ಮೂರೂವರೆಗೆ ಹಾಲ್ ಖಾಲಿಯಾದ ಮೇಲೆ ಅವರು ಹಿಂದಿನ ಬೆಂಚಿನಲ್ಲಿ ಕೂತು ಗಂಜಿ, ಉಪ್ಪಿನಕಾಯಿ ಉಣ್ಣುತ್ತಿದ್ದರು. "ಇಷ್ಟೆಲ್ಲ ಬಿಟ್ಟು ಗಂಜಿ ಯಾಕೆ ಕಾಕಾ?" ಎಂದು ಕೇಳಿದ್ದಕ್ಕೆ, "ಕಣ್ಣಿಗೆ ಬೆಳಿಗ್ಗೆಯಿಂದ ಊಟ ಆಗಿದೆ. ಇದು ಬಾಯಿಗೆ" ಎಂದಿದ್ದರು.

ಕಾಕಾ ಅನ್ನುತ್ತಿದ್ದವನು ನಾನೊಬ್ಬನೇ. ನನ್ನ ಅಪ್ಪ, ಅವ್ವ ವಿಜಯಪುರದ ಕಡೆಯವರು. ಅಪ್ಪ ಕಟ್ಟಡದ ಕೆಲಸಕ್ಕೆಂದು ಇಲ್ಲಿಗೆ ಬಂದವನು. ನಾನು ಹುಟ್ಟಿ ಬೆಳೆದದ್ದು ಧಾರಾವಿಯಲ್ಲಿ. ನನ್ನ ಕನ್ನಡದಲ್ಲಿ ಅವ್ವನದು ಅರ್ಧ, ಲೋಕಲ್ ಟ್ರೇನಿನದು ಅರ್ಧ. ಚಿಕ್ಕಂದಿನಿಂದ ನನಗೆ ಇರುವ ಒಂದೇ ವಿದ್ಯೆ ಎಂದರೆ ಇನ್ನೊಬ್ಬರ ಹಾಗೆ ಮಾತಾಡುವುದು. ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹೆಂಗಸಿನಿಂದ ಹಿಡಿದು ನಮ್ಮ ಚಾಳಿನ ವಠಾರದ ನೀರಿನ ಪಂಪಿನವರೆಗೆ ಯಾರನ್ನೂ ಬಿಟ್ಟಿಲ್ಲ. ಈ ವಿದ್ಯೆಯಿಂದಲೇ ಮಲಾಡಿನಲ್ಲಿ ಒಂದು ಕಂಪನಿಯ ಹೆಲ್ಪ್‌ಲೈನಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ದಿನಕ್ಕೆ ಒಂಬತ್ತು ಗಂಟೆ ಸಭ್ಯನ ಮಿಮಿಕ್ರಿ ಮಾಡುತ್ತೇನೆ.

ಕಂಪನಿಯವರು ಒಮ್ಮೆ ಎಲ್ಲರ ರಕ್ತ ತೆಗೆಸಿ ನೋಡಿದರು. ಡಾಕ್ಟರು ನನ್ನ ರಿಪೋರ್ಟನ್ನು ಎರಡು ಸಲ ಓದಿ, ನನ್ನ ವಯಸ್ಸನ್ನು ಮೂರು ಸಲ ಕೇಳಿ, "ಹತ್ತು ಕಿಲೋ ಇಳಿಸು, ಇಲ್ಲದಿದ್ದರೆ ನಲವತ್ತು ದಾಟುವಾಗ ನನ್ನ ಹತ್ತಿರವೇ ಸಂಸಾರ ಹೂಡಬೇಕಾಗ್ತದೆ" ಅಂದರು. ಅದೇ ವಾರ ನಾನು ಡಯಟ್ ಶುರು ಮಾಡಿದೆ. ತೊಂದರೆ ಏನೆಂದರೆ, ನಮ್ಮ ಟೀಮ್ ಪ್ರತಿ ಶುಕ್ರವಾರ ಮಧ್ಯಾಹ್ನ ಊಟಕ್ಕೆ ಹೋಗುತ್ತಿದ್ದದ್ದು ಈ ಬಫೆಗೆ. ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಫೆಯಲ್ಲಾದರೆ ಏನು ಬೇಕೋ ಅಷ್ಟನ್ನೇ ಆರಿಸಿಕೊಳ್ಳಬಹುದು, ಆದ್ದರಿಂದ ತೂಕ ಇಳಿಸುವವನಿಗೆ ಅದಕ್ಕಿಂತ ಒಳ್ಳೆಯ ಜಾಗವೇ ಇಲ್ಲ ಎಂದು ಅವ್ವನಿಗೆ ವಿವರಿಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಈ ಡಯಟ್ಟಿನ ಸುದ್ದಿ ನಿನ್ನ ಹೊಟ್ಟಿಗೆ ಗೊತ್ತೈತೇನೋ ತಮ್ಮಾ, ಇಲ್ಲಾ ನಿನಗಷ್ಟ ಗೊತ್ತೈತೋ?"

ಡಯಟ್ಟಿನ ಮೊದಲ ಶುಕ್ರವಾರವೇ ಕ್ಯಾಪ್ಟನ್ನರ ಜೊತೆ ಮಾತಾದದ್ದು. ನಾನು ಶಿಸ್ತಿನಿಂದ ಸಲಾಡಿನ ಕಡೆ ಮಾತ್ರ ಹೋಗಿದ್ದೆ. ಸೌತೆಕಾಯಿ, ಎಲೆಕೋಸು, ಅವುಗಳ ಮೇಲೆ ಮೂರು ಚಮಚ ಮೇಯೊನೀಸ್, ಅದು ಒಣಗಬಾರದೆಂದು ಇನ್ನೆರಡು, ಪಕ್ಕದಲ್ಲಿ ಹುರಿದ ಬ್ರೆಡ್ಡಿನ ತುಂಡುಗಳು. ಪ್ಲೇಟು ಹಿಮಾಲಯದ ಹಾಗಿತ್ತು. ಬೆನ್ನ ಹಿಂದಿನಿಂದ ಮೆಲ್ಲಗೆ ಒಂದು ದನಿ ಬಂತು.

"ಇದು ಹಸುರು ಅಂತ ತಿಂತೀರೋ, ಬಿಳಿ ಅಂತ ತಿಂತೀರೋ?"

ನಾನು ಕನ್ನಡದವನೆಂದು ಅವರಿಗೆ ಹೇಗೆ ತಿಳಿಯಿತು ಎಂದು ಕೇಳಿದೆ. "ಪ್ಲೇಟು ಇಡುವಾಗ 'ಅವ್ವಾ' ಅಂದ್ರಲ್ಲ" ಎಂದರು. ನಾನು ಡಯಟ್ಟಿನ ಕತೆ ಹೇಳಿದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ, ನಡುವೆ ಸ್ವಲ್ಪ ಹೆಚ್ಚು ಹೊತ್ತು ತಂಗಿ, ನೋಡಿದರು. "ನೋಡುವ" ಎಂದರು.

ಈ "ನೋಡುವ" ಎಂದರೆ ನಮ್ಮ "ನೋಡೋಣ"; ಅದು ಅವರ ಒಂದು ಸಂಸ್ಥೆ. ಅವರು ಯಾರಿಗೂ ಇಲ್ಲ ಎಂದವರಲ್ಲ. ಏಸಿ ಕಡಿಮೆ ಮಾಡಿ ಎಂದರೆ ನೋಡುವ, ಜಾಸ್ತಿ ಮಾಡಿ ಎಂದರೆ ನೋಡುವ. ಕಿಟಕಿಯ ಪಕ್ಕದ ಟೇಬಲ್ ಕೇಳಿದವರಿಗೂ ನೋಡುವ. ಆದರೆ ಒಂದೊಂದಕ್ಕೂ ಒಂದೊಂದು ರಾಗ. ಕೊನೆಯ ಅಕ್ಷರ ಎಳೆದರೆ ಆಗುತ್ತದೆ, ಥಟ್ಟನೆ ನಿಲ್ಲಿಸಿದರೆ ಆಗುವುದಿಲ್ಲ, ಮೂಗಿನಿಂದ ಬಂದರೆ ನೀವು ಕೇಳಿದ್ದೇ ತಪ್ಪು. ಇದನ್ನು ಕಲಿಯಲು ನನಗೆ ನಾಲ್ಕು ಶುಕ್ರವಾರ ಬೇಕಾಯಿತು. ಕಲಿತ ಮೇಲೆ ಆಫೀಸಿನಲ್ಲಿ ರಜೆ ಕೇಳಿದವರಿಗೆಲ್ಲ ನಾನೇ ಉತ್ತರ ಕೊಡತೊಡಗಿದೆ.

ಅವರ ಕೆಲಸ ನೋಡುವುದೇ ಒಂದು ಊಟ. ಮೊದಲ ಹತ್ತು ಪ್ಲೇಟು ಯಾವ ಕಡೆ ಹೋಯಿತು ಎಂದು ನೋಡಿ ಅಡುಗೆಮನೆಗೆ, "ಇವತ್ತು ಅನ್ನ ಕಡಿಮೆ ಸಾಕು, ಪೂರಿ ಹೆಚ್ಚು ಬೇಕು" ಎಂದು ಹೇಳಿ ಕಳಿಸುತ್ತಿದ್ದರು. ತಪ್ಪಿದ್ದು ನಾನು ಕಂಡಿಲ್ಲ. ಹೊಸದಾಗಿ ಮದುವೆಯ ಮಾತುಕತೆ ನಡೆದ ಹುಡುಗ, ಹುಡುಗಿ ಬಂದರೆ ಕೈಗೆ ಅಂಟುವ ಯಾವುದನ್ನೂ ಮುಟ್ಟುವುದಿಲ್ಲ, ಮದುವೆಯಾಗಿ ಬಂದರೆ ಒಂದೇ ಪ್ಲೇಟಿನಿಂದ ತಿನ್ನುತ್ತಾರೆ, ಮಗು ಹುಟ್ಟಿದ ಮೇಲೆ ಬಂದರೆ ನಿಂತುಕೊಂಡೇ ತಿನ್ನುತ್ತಾರೆ ಎನ್ನುವುದು ಅವರ ಲೆಕ್ಕ. ಒಬ್ಬನೇ ಬರುವವನನ್ನು ಅವರು ಗೋಡೆಯ ಕಡೆ ಮುಖ ಮಾಡಿ ಕೂರಿಸುತ್ತಿರಲಿಲ್ಲ. "ಗೋಡೆ ನೋಡ್ತಾ ಉಂಡರೆ ಎಷ್ಟು ಉಂಡೆ ಅಂತ ಗೊತ್ತಾಗುದಿಲ್ಲ" ಎನ್ನುತ್ತಿದ್ದರು.

ಬಫೆಯ ಬಗ್ಗೆ ಅವರಿಗೆ ಒಂದು ದೂರು ಇತ್ತು. ಒಂದು ದಿನ ನಾನು ಎರಡನೇ ಪ್ಲೇಟಿಗೆ ಎದ್ದಾಗ ಅದನ್ನು ಬಿಡಿಸಿ ಹೇಳಿದರು.

"ನಮ್ಮಲ್ಲಿ ಎಲೆ ಹಾಕಿ ಬಡಿಸುವಾಗ ಇಬ್ಬರು ಬೇಕು ಮಾರಾಯ. 'ಇನ್ನೊಂದು ಚೂರು, ಇನ್ನೊಂದು ಚೂರು' ಅಂತ ಹೇಳ್ಲಿಕ್ಕೆ ಒಬ್ಬ. ಎಲೆಗೆ ಕೈ ಅಡ್ಡ ಇಟ್ಟು 'ಸಾಕು, ಸಾಕು' ಅಂತ ಹೇಳ್ಲಿಕ್ಕೆ ಇನ್ನೊಬ್ಬ. ಬಫೆಯಲ್ಲಿ ಈ ಎರಡೂ ಕೆಲಸ ಒಬ್ಬನಿಗೇ. ನಿಮ್ಮದ್ರಲ್ಲಿ ಎಂತ ಆಗಿದೆ ಅಂದ್ರೆ, ಬಡಿಸುವವ ಡ್ಯೂಟಿಗೆ ಬರ್ತಾನೆ. ಸಾಕು ಹೇಳುವವ ರಜೆ."

ಹೀಗಾಗಿ ಒಪ್ಪಂದವಾಯಿತು. ನನ್ನ ಪರವಾಗಿ ಸಾಕು ಹೇಳುವ ಡ್ಯೂಟಿ ಅವರದು. ಹಾಲಿನಲ್ಲಿ ಗಿರಾಕಿಗೆ ತಿನ್ನಬೇಡ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಅದಕ್ಕೆ ಅವರೊಂದು ಉಪಾಯ ಮಾಡಿದರು. ಸಾಲಾಗಿ ಇಟ್ಟ ಬಿಸಿ ಪಾತ್ರೆಗಳ ಹಿಂದೆ ನಿಂತು, ನಾನು ಹತ್ತಿರ ಬರುತ್ತಿದ್ದ ಹಾಗೆ ಆ ಪಾತ್ರೆಯ ಮುಚ್ಚಳವನ್ನು ಬಿಳಿ ಬಟ್ಟೆಯಿಂದ ಹಿಡಿದು ಮೆಲ್ಲಗೆ ಮುಚ್ಚುತ್ತಿದ್ದರು. ಟಣ್. ಅಷ್ಟೇ. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಬೆಣ್ಣೆಯ ಪನೀರು, ಟಣ್. ಆಲೂಗಡ್ಡೆ ಬೋಂಡ, ಟಣ್. ಬೇಳೆಯ ತೊವ್ವೆ, ಹುರುಳಿಕಾಯಿ ಪಲ್ಯಗಳ ಹತ್ತಿರ ಬಂದರೆ ಮುಚ್ಚಳ ರಾಜಮರ್ಯಾದೆಯಿಂದ ತೆರೆದುಕೊಳ್ಳುತ್ತಿತ್ತು. ಜಾಮೂನಿನ ಪಾತ್ರೆಯ ಮುಂದೆ ನಾನು ಹತ್ತು ಸೆಕೆಂಡು ನಿಂತು ಕಣ್ಣಲ್ಲೇ ಅಹವಾಲು ಸಲ್ಲಿಸುತ್ತಿದ್ದೆ. ಅವರು ಮುಚ್ಚಳವನ್ನು ಒರೆಸುತ್ತಾ ಚಾವಣಿ ನೋಡುತ್ತಿದ್ದರು.

ಎರಡು ತಿಂಗಳು ಹೀಗೆ ನಡೆಯಿತು. ನನ್ನ ತೂಕ ಇಳಿಯಬೇಕಿತ್ತು. ಏರಿತು. ಕಾರಣ ಗುಟ್ಟಾಗಿತ್ತು: ಬುಧವಾರ ಕ್ಯಾಪ್ಟನ್ನರ ವಾರದ ರಜೆ. ಬುಧವಾರ ಮಧ್ಯಾಹ್ನ ನಾನು ಒಬ್ಬನೇ, ಟೀಮಿಗೂ ಹೇಳದೆ, ಅದೇ ಹೋಟೆಲಿಗೆ ಹೋಗಿ ಎಲ್ಲ ಮುಚ್ಚಳಗಳನ್ನೂ ಸ್ವಹಸ್ತದಿಂದ ತೆರೆಯುತ್ತಿದ್ದೆ. ಒಂದು ಶುಕ್ರವಾರ ಕ್ಯಾಪ್ಟನ್ ನನ್ನ ಗ್ಲಾಸಿಗೆ ನೀರು ಹಾಕುತ್ತಾ ಯಾರಿಗೋ ಹೇಳುವಂತೆ ಹೇಳಿದರು.

"ಬುಧವಾರ ಜಾಮೂನು ಒಮ್ಮೆಲೇ ಹನ್ನೊಂದು ಕಡಿಮೆ ಆಯ್ತಂತೆ. ಅಡುಗೆಯವರಿಗೆ ಇಲಿ ಅಂತ ಸಂಶಯ. ನಾನು ಹೇಳ್ದೆ, ಇಲಿ ಅಲ್ಲ, ಇಲಿಗೆ ನಾಚಿಕೆ ಉಂಟು."

"ಹನ್ನೊಂದಲ್ಲ ಕಾಕಾ, ಒಂಬತ್ತು" ಎಂದುಬಿಟ್ಟೆ. ಅವರು ನೀರಿನ ಜಗ್ಗನ್ನು ಟೇಬಲ್ಲಿನ ಮೇಲೆ ಇಟ್ಟು, ಮೂಗಿನಿಂದ "ನೋಡುವ" ಎಂದು ಹೋದರು.

ಅಷ್ಟರಲ್ಲಿ ನಾನು ಇನ್ನೊಂದನ್ನು ಗಮನಿಸಿದ್ದೆ. ಮುಚ್ಚಳ ನನ್ನೊಬ್ಬನಿಗೇ ಮುಚ್ಚುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಒಬ್ಬ ಮುದುಕರು ಬರುತ್ತಿದ್ದರು, ಅವರಿಗೂ ಸಿಹಿಯ ಕಡೆ ಟಣ್. ಕೆಲವು ದಿನ ಒಂದು ಪಾತ್ರೆ ಮಾತ್ರ, ಪರಿಚಯದ ಗಿರಾಕಿ ಯಾರೇ ಬಂದರೂ ಮುಚ್ಚಿಕೊಳ್ಳುತ್ತಿತ್ತು. ಅದೇನೆಂದು ಕೇಳಿದೆ. ಅವರು ಆಚೆ ಈಚೆ ನೋಡಿ, ಬಾಯಿಯ ಒಂದು ಬದಿಯಿಂದ ಹೇಳಿದರು.

"ಮಿಕ್ಸ್ ವೆಜ್. ನಿನ್ನೆ ರಾತ್ರಿ ಅದು ಮೂರು ಬೇರೆ ಬೇರೆ ಪಲ್ಯ. ಇವತ್ತು ಒಟ್ಟು ಕುಟುಂಬ."

ನಾನು ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡೆ. ಮಿಮಿಕ್ರಿಯವನ ಕಿವಿಗೆ ಅಂಥ ಮಾತು ಬಿದ್ದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಕ್ಯಾಪ್ಟನ್ ಇದನ್ನು ಅರಿಯಬೇಕಿತ್ತು. ನಾನಂತೂ ಅರಿಯಲೇಬೇಕಿತ್ತು.

ಹೋಟೆಲಿಗೆ ಇಪ್ಪತ್ತೈದು ವರ್ಷ ತುಂಬಿತೆಂದು ಒಂದು ಭಾನುವಾರ ಮಧ್ಯಾಹ್ನ ಕಾಯಂ ಗಿರಾಕಿಗಳಿಗೆಲ್ಲ ಊಟ ಹಾಕಿದರು. ಮಾಲೀಕರು ಬಾಂದ್ರಾದಿಂದ ಬಂದಿದ್ದರು. ಅವರೂ ಕ್ಯಾಪ್ಟನ್ನರ ಕಡೆಯವರೇ. ಎಲ್ಲರೂ ಅವರನ್ನು ಧಣಿ ಎಂದು ಕರೆಯುತ್ತಿದ್ದರು. ಯಾರೋ ನನ್ನ ವಿದ್ಯೆಯ ಸುದ್ದಿ ಹೇಳಿದ್ದರಿಂದ ಧಣಿಯೇ ಮೈಕ್ ತಂದು ನನ್ನ ಕೈಗಿಟ್ಟು, "ನನ್ನನ್ನೂ ಬಿಡಬೇಡ, ಮಾಡು" ಎಂದರು. ಮಾಡಿದೆ. ನನ್ನ ಬಾಯಲ್ಲಿ ಸ್ಟೇಷನ್ನಿನ ಹೆಂಗಸು ಬಂದಳು, ನಮ್ಮ ಬಾಸ್ ಬಂದ, ಧಣಿ ಸ್ವತಃ ಬಂದರು, ಫೋನಿನಲ್ಲಿ ಒಮ್ಮೆ ಬೈದು ಮರುಕ್ಷಣ ಗಿರಾಕಿಗೆ ನಗುವ ಧಣಿ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನಿಲ್ಲಿಸಬಹುದಿತ್ತು. ಎರಡನೇ ಪ್ಲೇಟಿನ ಮುಂದೆ ನಿಲ್ಲದವನು ಚಪ್ಪಾಳೆಯ ಮುಂದೆ ಎಲ್ಲಿ ನಿಂತಾನು? ಕೈ ಬೆನ್ನ ಹಿಂದೆ ಕಟ್ಟಿದೆ. ಚಪ್ಪಲಿಯ ಸದ್ದಿಲ್ಲದೆ ನಾಲ್ಕು ಹೆಜ್ಜೆ ನಡೆದೆ. ಗಾಳಿಯಲ್ಲಿ ಮುಚ್ಚಳ ಮುಚ್ಚಿ ಟಣ್ ಎಂದೆ. ಬಾಯಿಯ ಬದಿಯಿಂದ, "ಮಿಕ್ಸ್ ವೆಜ್ ಬೇಡ. ನಿನ್ನೆ ಅದು ಮೂರು ಪಲ್ಯ. ಇವತ್ತು ಒಟ್ಟು ಕುಟುಂಬ."

ಹಾಲಿನಲ್ಲಿ ಎದ್ದ ನಗು ಆವತ್ತಿನ ಎಲ್ಲ ನಗುಗಳಿಗಿಂತ ದೊಡ್ಡದು. ಧಣಿಯೂ ನಕ್ಕರು. ನಗುತ್ತಲೇ ಕತ್ತು ತಿರುಗಿಸಿ ಹಿಂದೆ ನಿಂತ ಕ್ಯಾಪ್ಟನ್ನರನ್ನು ನೋಡಿದರು. ಧಣಿಯ ನಗು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಆರುತ್ತಾ ಬಂತು. ಮೊದಲು ಹೊಟ್ಟೆ ನಿಂತಿತು, ಆಮೇಲೆ ಭುಜ, ಕೊನೆಗೆ ಬಾಯಿ. ಕ್ಯಾಪ್ಟನ್ ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ನಾನು ಬಗ್ಗಿ ನಮಸ್ಕಾರ ಮಾಡಿ ಚಪ್ಪಾಳೆ ತೆಗೆದುಕೊಂಡೆ.

ಮುಂದಿನ ಶುಕ್ರವಾರ ಪಾತ್ರೆಗಳ ಹಿಂದೆ ಬೇರೆ ಯಾರೋ ನಿಂತಿದ್ದರು. ಮುಚ್ಚಳಗಳೆಲ್ಲ ಬಾಯಿ ತೆರೆದಿದ್ದವು. ಕ್ಯಾಪ್ಟನ್ ಎಲ್ಲಿ ಎಂದು ಒಬ್ಬ ವೇಟರಿಗೆ ಕೇಳಿದರೆ ಅವನು ಪ್ಲೇಟು ಒರೆಸುತ್ತಾ, "ಸ್ಟೋರ್ ಮೇ ಡಾಲ್ ದಿಯಾ" ಎಂದ. ಸ್ಟೋರಿಗೆ ಹಾಕಿಬಿಟ್ಟಿದ್ದರು.

ಅಡುಗೆಮನೆಯ ಹಿಂದಿನ ಸ್ಟೋರಿನಲ್ಲಿ ಈರುಳ್ಳಿ, ಬಟಾಟೆ ಗೋಣಿಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದರು. ಕೋಟಿಲ್ಲ, ಬರೀ ಒಂದು ಅಂಗಿ. ಕೋಟಿಲ್ಲದೆ ಅವರು ಅರ್ಧದಷ್ಟೇ ಇದ್ದರು. ನಾನು ಬಾಗಿಲಲ್ಲಿ ನಿಂತು ಏನೋ ತೊದಲಿದೆ. ಅವರು ಕೇಳಿಸಿಕೊಂಡು, ಗೋಣಿಯ ಮೇಲಿದ್ದ ಒಂದು ತಟ್ಟೆ ತೆಗೆದು, ಇನ್ನೊಂದರ ಮೇಲೆ ಇಟ್ಟು ತೋರಿಸಿದರು.

"ನೀನು ಮಾಡಿದ್ದು ಸರಿ ಇರ್ಲಿಲ್ಲ. ಮುಚ್ಚುವಾಗ ಹೆಬ್ಬೆರಳು ಒಳಗೆ ಬರ್ತದೆ. ಹೀಗೆ. ನೀನು ಹೊರಗೆ ಇಟ್ಟೆ."

ಬೈದಿದ್ದರೆ ಬೈಸಿಕೊಂಡು ಹಗುರವಾಗಿ ಮನೆಗೆ ಹೋಗಬಹುದಿತ್ತು. ಅವರು ನನ್ನ ಹೆಬ್ಬೆರಳನ್ನು ತಿದ್ದಿದರು. ಆಮೇಲೆ, ಗೋಣಿಯ ದಾರ ಸುತ್ತುತ್ತಾ, ನನ್ನ ಕಡೆ ನೋಡದೆ ಹೇಳಿದರು. "ರಿಟೈರ್ ಆಗ್ಲಿಕ್ಕೆ ಇನ್ನು ಎರಡೂವರೆ ತಿಂಗಳು. ಹೋಗುವಾಗ ಹಾಲಿನಿಂದ ಹೋಗ್ಬೇಕು ಅಂತ ಇತ್ತು. ಬಟಾಟೆ ಹತ್ತಿರದಿಂದ ಅಲ್ಲ."

ನಾನು ಸೀದಾ ಧಣಿಯ ಹತ್ತಿರ ಹೋದೆ. ಅವರು ಆವತ್ತು ಗಲ್ಲಾದ ಹಿಂದಿನ ಕೋಣೆಯಲ್ಲಿ ಇದ್ದರು. ಎಲ್ಲ ನಾನೇ ಕಟ್ಟಿದ ಮಾತು, ಮಿಕ್ಸ್ ವೆಜ್ಜಿನ ಸಂಸಾರ ನನ್ನದೇ ಕಲ್ಪನೆ ಎಂದೆ. ಧಣಿ ಕನ್ನಡಕ ತೆಗೆದರು.

"ನನ್ನನ್ನು ಮಾಡಿದೆಯಲ್ಲ, ಅದು ಕಲ್ಪನೆಯಾ?"

"ಇಲ್ಲ ಸರ್. ನೀವು ಹಾಗೇ ಇದ್ದೀರಿ."

"ನಿನ್ನ ಬಾಸು?"

"ಅವನೂ ಹಾಗೇ."

"ಎಲ್ಲರದೂ ಅಚ್ಚು ಒತ್ತಿದ ಹಾಗೆ ಸರಿ, ಇವರದ್ದು ಮಾತ್ರ ಸುಳ್ಳಾ? ಮುಚ್ಚಳ ಮುಚ್ಚುದು ನಾಲ್ಕು ಜನ ನೋಡಿದ್ದಾರೆ ಮಾರಾಯ. ನನ್ನ ಅನ್ನ ತಿಂದು, ನನ್ನ ಅಡುಗೆ ತಿನ್ನಬೇಡಿ ಅಂತ ಹೇಳುವವರು ನನಗೆ ಹಾಲಿನಲ್ಲಿ ಬೇಡ."

ಆಗ ನನ್ನ ತಲೆಗೆ ಹೊಳೆದದ್ದನ್ನು ಹೇಳಿದೆ. ಮುಚ್ಚುತ್ತಿದ್ದದ್ದು ನನಗೋಸ್ಕರ. ನಾನು ಎರಡು ತಿಂಗಳಿಂದ ಡಯಟ್ಟಿನಲ್ಲಿದ್ದೇನೆ, ನಾನೇ ಕೇಳಿಕೊಂಡಿದ್ದೆ, ಡಾಕ್ಟರ ಚೀಟಿ ಬೇಕಾದರೂ ತೋರಿಸುತ್ತೇನೆ. ಧಣಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನನ್ನ ಹೊಟ್ಟೆಯನ್ನು ನೋಡಿದರು. ಇಷ್ಟು ವರ್ಷ ಸಾಕಿ ಬೆಳೆಸಿದ ಹೊಟ್ಟೆ ಒಮ್ಮೆಯಾದರೂ ನನ್ನ ಪರವಾಗಿ ಸಾಕ್ಷಿ ಹೇಳಬೇಕಾದ ಗಳಿಗೆ. ಅದು ಶರ್ಟಿನ ಗುಂಡಿಗಳ ನಡುವಿನಿಂದ ಇಣುಕಿ ಎದುರು ಪಕ್ಷಕ್ಕೆ ಸೇರಿಕೊಂಡಿತು.

"ಎರಡು ತಿಂಗಳ ಡಯಟ್ಟಾ ಇದು?" ಎಂದರು ಧಣಿ.

ಆದರೂ ಮನುಷ್ಯ ವ್ಯಾಪಾರಸ್ಥ, ಬಾಗಿಲು ಪೂರ್ತಿ ಹಾಕಲಿಲ್ಲ. ನಾಲ್ಕು ವಾರ ಕೊಟ್ಟರು. ನಾನು ಬರುವ ಶುಕ್ರವಾರ ಮಧ್ಯಾಹ್ನಗಳಲ್ಲಿ ಮಾತ್ರ ಕ್ಯಾಪ್ಟನ್ ಹಾಲಿಗೆ ಬರಬಹುದು, ನನಗೊಬ್ಬನಿಗೆ ಮುಚ್ಚಬಹುದು. ಸ್ಟೋರಿನ ತಕ್ಕಡಿಯಲ್ಲಿ ನನ್ನ ತೂಕ ಮೂರು ಕಿಲೋ ಇಳಿದರೆ ನನ್ನ ಮಾತು ನಿಜ, ಕ್ಯಾಪ್ಟನ್ ಹಾಲಿಗೆ ವಾಪಸ್. ಇಳಿಯದಿದ್ದರೆ ಕೊನೆಯ ದಿನದವರೆಗೂ ಬಟಾಟೆ. ಆಗಲೇ ಸ್ಟೋರಿಗೆ ಕರೆದೊಯ್ದು ತರಕಾರಿ ತೂಗುವ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸಿದರು. ತೊಂಬತ್ತೇಳು. ಕ್ಯಾಪ್ಟನ್ ಮುಳ್ಳನ್ನು ನೋಡಿ, ನನ್ನನ್ನು ನೋಡಿ, "ನೋಡುವ" ಎಂದರು. ಯಾವ ರಾಗ ಎಂದು ನನಗೆ ಆವತ್ತು ಗೊತ್ತಾಗಲಿಲ್ಲ.

ಆ ನಾಲ್ಕು ಶುಕ್ರವಾರ ಅವರು ಮದುಮಗನ ಹಾಗೆ ಬರುತ್ತಿದ್ದರು. ಇಸ್ತ್ರಿ ಹಾಕಿದ ಕೋಟು, ನೀರು ಹಚ್ಚಿ ಬಾಚಿದ ಕೂದಲು, ಹೊಸ ಬಿಳಿ ಬಟ್ಟೆ. ಎರಡು ಗಂಟೆ ಹೊತ್ತು ಅವರ ಹಾಲ್ ಅವರಿಗೆ. ಟೇಬಲ್ಲು ಟೇಬಲ್ಲಿಗೆ ಹೋಗಿ ಹಳೆಯ ಗಿರಾಕಿಗಳ ಮಕ್ಕಳ ಪರೀಕ್ಷೆ ವಿಚಾರಿಸುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದವರಿಗೆ, "ಒಳಗೆ ಸ್ವಲ್ಪ ಕೆಲಸ ಇತ್ತು" ಎನ್ನುತ್ತಿದ್ದರು. ನಾನು ತೊವ್ವೆ ಕುಡಿದು, ಹುರುಳಿಕಾಯಿ ಅಗಿದು, ಮಲಾಡ್ ಸ್ಟೇಷನ್ನಿಗೆ ರಿಕ್ಷಾ ಬಿಟ್ಟು ನಡೆದೇ ಹೋಗುತ್ತಿದ್ದೆ. ಮನೆಯಲ್ಲಿ ಅವ್ವ ಶೇಂಗಾ ಹೋಳಿಗೆ ಮಾಡಿ ಮುಂದಿಟ್ಟಾಗ ಇಡೀ ಕತೆ ಹೇಳಿ, ಒಬ್ಬರ ಮರ್ಯಾದೆ ನನ್ನ ಹೊಟ್ಟೆಯ ಮೇಲೆ ನಿಂತಿದೆ ಎಂದೆ.

"ಹಿಂತಾ ದೊಡ್ಡ ಜಾಗಾದಾಗ ಯಾರರ ನಿಲ್ಲಬಹುದು ಬಿಡು" ಎಂದಳು. ಆದರೆ ಹೋಳಿಗೆಯ ಡಬ್ಬಿಯನ್ನು ಎತ್ತಿ ಪಕ್ಕದ ಮನೆಗೆ ಕೊಟ್ಟುಬಂದಳು.

ಎರಡನೇ ವಾರಕ್ಕೆ ಎರಡು ಕಿಲೋ ಇಳಿದಿತ್ತು. ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯ ಮನುಷ್ಯನಾಗಿ ಕಾಣುತ್ತೇನೆ, ಆದ್ದರಿಂದ ಮುಂದುವರಿಸಬೇಕು. ಮೂರನೇ ಬುಧವಾರ ಆಫೀಸಿನ ಕೆಲಸಕ್ಕೆಂದು ಬಾಂದ್ರಾಗೆ ಹೋಗಿದ್ದೆ. ಅಲ್ಲೊಂದು ಬಫೆ. ಒಳಗೆ ಹೇಗಿದೆ ಎಂದು ಸುಮ್ಮನೆ ನೋಡಿ ಬರೋಣ ಎಂದು ಹೋದೆ. ಯಾರೂ ಪಾತ್ರೆಗಳ ಹಿಂದೆ ನಿಂತಿರಲಿಲ್ಲ. ಮುಚ್ಚಳಗಳಿಗೆ ಹಿಡಿಕೆಯೇ ಇರಲಿಲ್ಲ, ಎಲ್ಲ ಗಾಜು, ತಾವೇ ತೆರೆದುಕೊಳ್ಳುತ್ತಿದ್ದವು. ಸ್ಟೋರಿನ ಸ್ಟೂಲು ಕಣ್ಣ ಮುಂದೆ ಬಂತು. ಕಣ್ಣಲ್ಲಿ ನೀರು ಬಂತು. ಅಂಥ ದುಃಖದಲ್ಲೂ ನಾನು ಎರಡನೇ ಪ್ಲೇಟು ತೆಗೆದುಕೊಂಡೆ. ಮೂರನೆಯದರಲ್ಲಿ ದುಃಖ ಸ್ವಲ್ಪ ಕಡಿಮೆಯಾಯಿತು.

ಆ ಶುಕ್ರವಾರ ಕ್ಯಾಪ್ಟನ್ ನನ್ನನ್ನು ನೋಡಿದ ಕೂಡಲೇ ತಿಳಿದುಕೊಂಡರು. ಆವತ್ತು ಪ್ರತಿ ಪಾತ್ರೆಯ ಮುಚ್ಚಳವನ್ನೂ ಇನ್ನೂ ಮೆಲ್ಲಗೆ ಮುಚ್ಚಿದರು, ಸದ್ದೇ ಬಾರದ ಹಾಗೆ. ನನಗೆ ಹುರುಳಿಕಾಯಿಯೂ ಇಳಿಯಲಿಲ್ಲ.

ನಾಲ್ಕನೇ ಶುಕ್ರವಾರ ಊಟಕ್ಕೆ ಮುಂಚೆಯೇ ಸ್ಟೋರಿನಲ್ಲಿ ತೂಕ. ಧಣಿಗೂ ಅದೇ ಊಟದ ಹೊತ್ತು. ಡ್ರೈವರ್ ಅವರ ಮನೆಯ ಡಬ್ಬಿ ತಂದು ಸ್ಟೋರಿನ ಮೇಜಿನ ಮೇಲೆ ಬಿಡಿಸಿಟ್ಟಿದ್ದ. ಕುಚ್ಚಲಕ್ಕಿ ಅನ್ನ, ಬಸಳೆ ಸಾರು, ತೊಂಡೆಕಾಯಿ ಪಲ್ಯ. ತಕ್ಕಡಿಯ ಮೇಲೆ ನಿಂತವನ ಮೂಗಿಗೆ ಬೇಕಾದದ್ದೇ ಅದು. ನಾನು ಬೂಟು ಬಿಚ್ಚಿ, ಬೆಲ್ಟು ಬಿಚ್ಚಿ, ಜೇಬಿನ ಫೋನು, ಪಾಕೀಟು, ಕೀಲಿಕೈ ತೆಗೆದಿಟ್ಟು ಹತ್ತಿದೆ. ಮುಳ್ಳು ಅತ್ತ ಇತ್ತ ಆಡಿ ನಿಂತಿತು. ತೊಂಬತ್ತೈದೂವರೆ. ಉಸಿರು ಪೂರ್ತಿ ಹೊರಗೆ ಬಿಟ್ಟೆ. ತೊಂಬತ್ತೈದೂವರೆ. ಮೀಸೆ ತೆಗೆದು ಬರಲೇ ಎಂದು ಕೇಳಿದೆ. ಧಣಿ ನಗಲಿಲ್ಲ.

"ಒಂದೂವರೆ" ಎಂದರು. "ಮೂರು ಹೇಳಿದ್ದೆ."

"ಸರ್, ತಪ್ಪು ನನ್ನದು. ಬಾಂದ್ರಾದಲ್ಲಿ..."

"ನಿನ್ನದೇ ತಪ್ಪು, ಗೊತ್ತುಂಟು. ಮಾತು ಅಂದ್ರೆ ಮಾತು. ಇವರು ಇನ್ನು ಇಲ್ಲೇ." ಧಣಿ ಕೈ ತೊಳೆದು ಬಂದು ಸ್ಟೂಲು ಎಳೆದು ಕೂತರು. ಕ್ಯಾಪ್ಟನ್ನರ ಕಡೆ ತಿರುಗಿ ಕೇಳಿದರು. "ನಲವತ್ತು ವರ್ಷ ಈ ಲೈನಿನಲ್ಲಿ ಇದ್ದೀರಿ. ಬೇರೆ ಯಾರು ಏನು ಬೇಕಾದರೂ ಹೇಳ್ಲಿ. ನಮ್ಮ ಹೋಟೆಲಿನ ಅಡುಗೆ ಸರಿ ಇಲ್ಲ ಅಂತ ನೀವು ಹೇಳಬಹುದಾ?"

ಇಸ್ತ್ರಿಯ ಕೋಟು ಹಾಕಿಕೊಂಡು ಗೋಣಿಗಳ ನಡುವೆ ನಿಂತಿದ್ದ ಕ್ಯಾಪ್ಟನ್ ಬೆನ್ನ ಹಿಂದಿನ ಕೈ ಬಿಚ್ಚಿ ಮುಂದೆ ತಂದರು. ನಾನು ತಕ್ಕಡಿಯಿಂದ ಇಳಿಯುವುದನ್ನೂ ಮರೆತು ನೋಡುತ್ತಿದ್ದೆ. ಅವರು "ನೋಡುವ" ಎನ್ನುತ್ತಾರೆ ಎಂದುಕೊಂಡೆ. ಎನ್ನಲಿಲ್ಲ. ಅವರು ಹೇಳಿದ್ದನ್ನು ಕೊನೆಗೆ ಇಡುತ್ತೇನೆ. ಅದರಿಂದ ಏನಾಯಿತು ಎನ್ನುವುದನ್ನು ಮೊದಲು ಮುಗಿಸುತ್ತೇನೆ. ಧಣಿಯ ಕೈ ಬಸಳೆ ಸಾರಿನ ಮೇಲೆ ಹಾಗೇ ನಿಂತಿತು. ಆಮೇಲೆ ತಲೆ ಎತ್ತದೆ, "ಹಾಲಿಗೆ ಹೋಗಿ, ಗಿರಾಕಿ ಬಂದಿದ್ದಾರೆ" ಎಂದರು. ಕ್ಯಾಪ್ಟನ್ ಹೋದರು. ನಿವೃತ್ತಿಯ ದಿನದವರೆಗೆ ಅಲ್ಲೇ ಇದ್ದರು, ಹಾಲಿನಿಂದಲೇ ಹೋದರು. ಆವತ್ತಿನಿಂದ ಆ ಬಫೆಯಲ್ಲಿ ಮಿಕ್ಸ್ ವೆಜ್ ಕಾಣಿಸಿಕೊಂಡಿಲ್ಲ. ನಾನು ಈಗ ತೊಂಬತ್ತಮೂರು ಕಿಲೋ, ನಿಧಾನವಾಗಿ ಇಳಿಯುತ್ತಿದ್ದೇನೆ, ನಂಬುವವರು ನಂಬಬಹುದು. ಊರಿನವರನ್ನೆಲ್ಲ ಮಿಮಿಕ್ರಿ ಮಾಡುವ ನಾನು ಆ ಒಂದು ಮಾತನ್ನು ಮಾತ್ರ ಇನ್ನೂ ಮಾಡಲು ಹೋಗಿಲ್ಲ. ದನಿ ಏರಿಸದೆ, ಬಗ್ಗಿ, ಗಿರಾಕಿಯನ್ನು ಕೇಳುವ ಅದೇ ಮರ್ಯಾದೆಯಲ್ಲಿ ಅವರು ಹೇಳಿದ್ದು ಇಷ್ಟು:

"ಧಣಿಗಳೇ, ಇವತ್ತು ಮನೆಯ ಡಬ್ಬಿ ಬೇಡ. ಹಾಲಿಗೆ ಬನ್ನಿ, ನಾನೇ ಬಡಿಸ್ತೇನೆ. ಯಾವ ಪಾತ್ರೆಯಿಂದ ಅಂತ ಮಾತ್ರ ನೀವು ಹೇಳಿ."